ಯಾರ ಉಪ್ಪೂ ಅಲ್ಲದ ಊಟ

ಹೋಟೆಲಿನಲ್ಲಿ ಊಟ ಕೆಟ್ಟದಾಗಿದ್ದರೆ ನನಗೆ ಒಳಗೊಳಗೇ ಒಂದು ಬಗೆಯ ಸಮಾಧಾನವಾಗುತ್ತದೆ. ಇದನ್ನು ಹೀಗೆ ಹೇಳಿಕೊಳ್ಳುವುದು ಸಭ್ಯತೆಯಲ್ಲ ಎಂದು ಬಲ್ಲೆ. ಆದರೆ ಎದುರಿಗೆ ಕುಳಿತವರು ನಾಳೆ ನನ್ನ ಗಂಡನಾಗಬಹುದಾದ ಮನುಷ್ಯರಾಗಿದ್ದು, ಅವರ ಬಗ್ಗೆ ಏನು ತಿಳಿಯಬೇಕೆಂದು ಇನ್ನೂ ತೋಚದೆ ಇರುವಾಗ, ಸಾಂಬಾರಿನ ಬಗ್ಗೆಯಾದರೂ ಒಂದು ಖಚಿತವಾದ ಅಭಿಪ್ರಾಯ ಕೈಯಲ್ಲಿದ್ದರೆ ಧೈರ್ಯವಿರುತ್ತದೆ.

ಸುತ್ತಿ ಬಳಸಿ ಮಾತಾಡುವುದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ದುರ್ಗದವಳು. ಆಸ್ಪತ್ರೆಗೆ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಕೆಲಸದಲ್ಲಿದ್ದಾಗ ಇದೊಂದು ಕೊರತೆ ಎಂದು ಅನಿಸಲಿಲ್ಲ. ಅನಿಸುವುದಕ್ಕೆ ಬಿಡುವು ಇರಲಿಲ್ಲ. ಈಗಲೂ ನನ್ನ ದಿನ ಗಂಟೆ ಹೊಡೆದಂತೆ ನಡೆಯುತ್ತದೆ. ನಸುಕಿಗೆ ಎದ್ದು ಹಾಸಿಗೆಯ ಮೂಲೆಗಳನ್ನು ಆಸ್ಪತ್ರೆಯ ಹಾಸಿಗೆಯಂತೆಯೇ ಮಡಿಸಿ ಸಿಕ್ಕಿಸುತ್ತೇನೆ, ನಡೆದು ಬರುತ್ತೇನೆ, ನೆಲ ಒರೆಸುತ್ತೇನೆ, ಪೇಪರ್ ಓದಿ ಮಡಿಕೆ ಕೆಡದಂತೆ ಇಡುತ್ತೇನೆ. ಎಲ್ಲವೂ ಸರಿಯಿದೆ, ರಾತ್ರಿಯ ಊಟವೊಂದನ್ನು ಬಿಟ್ಟು. ಮುದ್ದೆ ಕಟ್ಟಿ, ಸಾರು ಬಡಿಸಿಕೊಂಡು ಕುಳಿತಾಗ ಸಾರಿಗೆ ಹುಳಿ ಹೆಚ್ಚಾಗಿದ್ದರೆ ಅದನ್ನು ಯಾರಿಗೆ ಹೇಳುವುದು? ಊಟಕ್ಕೆ ಹೆಸರಿಡಲು ಎದುರಿಗೆ ಒಬ್ಬರು ಬೇಕು. ಗೋಡೆಗೆ ಹೇಳಿದರೆ ಅದು ತಲೆಯಾಡಿಸುವುದಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ಎದುರಿಗೆ ಕುಳಿತು ಉಣ್ಣುವ, ನಾನು ಹೆಸರಿಟ್ಟರೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಈ ವಯಸ್ಸಿಗೆ ಇಂಥ ಆಸೆಯೇ ಎಂದು ನಗುವವರು ನಗಲಿ. ಅವರ ಮನೆಯಲ್ಲಿ ಸಾರಿಗೆ ಯಾರಾದರೂ ಹೆಸರಿಡುತ್ತಿರಬೇಕು.

ಪಕ್ಕದ ಬೀದಿಯಲ್ಲಿರುವ ನನ್ನ ತಂಗಿ ವಿಶಾಲ ಈ ಆಸೆಯನ್ನು ಹೇಗೋ ಕಂಡುಹಿಡಿದಳು. ಎರಡನೆಯ ಮದುವೆಯವರಿಗೆಂದೇ ಇರುವ ಒಂದು ಆ್ಯಪ್‌ನಲ್ಲಿ ನನ್ನ ಫೋಟೊ ಹಾಕಿ, ನನ್ನ ಷರತ್ತುಗಳನ್ನು ಒಂದೊಂದಾಗಿ ಕೇಳಿದಳು. ಹೇಳಿದ ಸಮಯಕ್ಕೆ ಬರಬೇಕು. ಉಗುರು ಕತ್ತರಿಸಿರಬೇಕು. ಎಲೆಯಡಿಕೆ ಹಾಕಿ ಎಲ್ಲೆಂದರಲ್ಲಿ ಉಗುಳಬಾರದು. ತಟ್ಟೆಯಲ್ಲಿ ಕೈ ತೊಳೆಯಬಾರದು.

"ಅಕ್ಕ, ನೀನು ಗಂಡನ್ನ ಹುಡುಕ್ತಿದೀಯೋ, ವಾರ್ಡ್ ಬಾಯ್‌ನ ಹುಡುಕ್ತಿದೀಯೋ?" ಎಂದಳು.

"ವಾರ್ಡ್ ಬಾಯ್ ಆಗಿದ್ರೆ ಹೇಳಿದ್ ಕೆಲ್ಸನಾದ್ರೂ ಮಾಡ್ತಿದ್ದ. ಬರಿ ನೀನು."

ಈಗಿನ ಮಕ್ಕಳು ಇದಕ್ಕೆ ಡೇಟಿಂಗ್ ಅನ್ನುತ್ತಾರೆ. ನಮ್ಮ ವಯಸ್ಸಿನವರು 'ಮಾತಾಡಿ ಬರೋದು' ಅನ್ನುತ್ತೇವೆ. ಹೆಸರು ಯಾವುದಾದರೂ ಆಗಲಿ, ನಡೆಯುವ ಜಾಗ ಒಂದೇ: ಹೊರಗೆ ಬಣ್ಣದ ದೀಪ ಸುತ್ತಿಕೊಂಡ, ಒಳಗೆ ಮೆನು ಕಾಣದಷ್ಟು ಕತ್ತಲಿರುವ ಫ್ಯಾಮಿಲಿ ರೆಸ್ಟೋರೆಂಟು.

ಮನೆ ಬಿಟ್ಟು ಹೋಟೆಲೇ ಏಕೆ ಎಂಬುದಕ್ಕೆ ನಮ್ಮ ಕಡೆ ಒಂದು ಹಳೆಯ ಕಾರಣವಿದೆ. ಸಂಬಂಧ ಕುದುರುವ ತನಕ ಆ ಮನೆಯಲ್ಲಿ ಅನ್ನಕ್ಕೆ ಕೂರಬಾರದು ಎಂಬುದು ಹಿರಿಯರು ಮಾಡಿಟ್ಟ ನಿಯಮ. ಒಂದು ಸಲ ಅವರ ಉಪ್ಪು ತಿಂದರೆ ಮುಗಿಯಿತು, ಬೇಡ ಎನ್ನುವ ಬಾಯಿ ಕಟ್ಟಿಹೋಗುತ್ತದೆ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು, ಚಹಾ, ಅಷ್ಟೇ. ಅದು ಊಟವಲ್ಲ, ತಿಂಡಿ, ತಿಂಡಿಗೆ ಋಣವಿಲ್ಲ. ಉಪ್ಪಿಟ್ಟಿನಲ್ಲಿ ಉಪ್ಪಿರುವುದಿಲ್ಲವೇ ಎಂದು ಚಿಕ್ಕವಳಿದ್ದಾಗ ಕೇಳಿ ಅಜ್ಜಿಯ ಕೈಯಲ್ಲಿ ಮೊಟಕಿಸಿಕೊಂಡಿದ್ದೇನೆ. ನಮ್ಮಪ್ಪ ಅಣ್ಣನಿಗೆ ಹೆಣ್ಣು ನೋಡಲು ಭರಮಸಾಗರಕ್ಕೆ ಹೋದಾಗ ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದರು. ಕೆರೆಯ ಏರಿಯ ಮೇಲೆ ಕುಳಿತು ಉಂಡು, ಕೈ ತೊಳೆದು, ಬಾಯಿ ಒರೆಸಿಕೊಂಡು ಆಮೇಲೆ ಊರೊಳಗೆ ಕಾಲಿಟ್ಟರಂತೆ. ಹೆಣ್ಣಿನವರು ಎಷ್ಟು ಒತ್ತಾಯ ಮಾಡಿದರೂ ಎಲೆಯ ಮುಂದೆ ಕೂರಲಿಲ್ಲ. ಒಪ್ಪಿಗೆಯಾಯಿತು ಎಂದ ಮೇಲೆ ಕೂತರು, ಆಮೇಲೆ ಎಬ್ಬಿಸುವುದು ಕಷ್ಟವಾಯಿತಂತೆ. ಅನ್ನ ಮುಟ್ಟಿದರೆ ಒಪ್ಪಿಗೆ, ಮುಟ್ಟದಿದ್ದರೆ ಇಲ್ಲ. ಬಾಯಿ ತೆರೆದು 'ನಿಮ್ಮ ಹುಡುಗಿ ಬೇಡ' ಎಂದು ಹೇಳುವ ಒರಟುತನ ನಮ್ಮವರಿಗೆ ಬೇಕಿರಲಿಲ್ಲ.

ಹೋಟೆಲು ಈ ತೊಡಕನ್ನು ಬಿಡಿಸಿತು ಎಂದು ಜನ ನಂಬಿದ್ದಾರೆ. ಅಲ್ಲಿಯ ಉಪ್ಪು ಹೆಣ್ಣಿನ ಮನೆಯದೂ ಅಲ್ಲ, ಗಂಡಿನ ಮನೆಯದೂ ಅಲ್ಲ. ಯಾರ ಋಣವೂ ಇಲ್ಲದೆ ಉಂಡು ಏಳಬಹುದು. ಆದರೆ ಯಾರ ಉಪ್ಪೂ ಅಲ್ಲದ ಊಟಕ್ಕೆ ಉಪ್ಪು ಎಷ್ಟು ಹಾಕಬೇಕೆಂದು ಅಡಿಗೆಯವನಿಗೂ ಗೊತ್ತಿರುವುದಿಲ್ಲ ಎಂಬುದು ನನಗೆ ಬೇಗ ತಿಳಿಯಿತು.

ಮೊದಲನೆಯವರು ನಮ್ಮ ದುರ್ಗದವರೇ, ಬ್ಯಾಂಕಿನಿಂದ ನಿವೃತ್ತರಾದವರು. ನಾನು ಹೋಗಿ ಕುಳಿತು, ಗಾಜಿನ ಪೆಟ್ಟಿಗೆಯೊಳಗಿನ ಮೀನುಗಳ ಪರಿಚಯ ಮಾಡಿಕೊಂಡು, ಅವುಗಳಲ್ಲಿ ಒಂದಕ್ಕೆ ಆರೋಗ್ಯ ಸರಿಯಿಲ್ಲ ಎಂದು ಕಂಡುಕೊಂಡ ಮೇಲೆ ಅವರು ಬಂದರು. ನನ್ನನ್ನು ಒಂದು ಮಾತೂ ಕೇಳದೆ ಇಬ್ಬರಿಗೂ ಟೊಮ್ಯಾಟೊ ಸೂಪು ಹೇಳಿದರು. ಬಂದದ್ದು ಕೆಂಪು ಅಂಟು. ಗೋಡೆಗೆ ಪೋಸ್ಟರ್ ಹಚ್ಚಲು ಬಳಸಿದ್ದರೆ ಮಳೆಗಾಲ ಕಳೆಯುತ್ತಿತ್ತು. ಆಮೇಲೆ ಬಂದ ಪನೀರಿನ ಗ್ರೇವಿಯೂ ಅದೇ, ಕಾಜುವಿನ ಗ್ರೇವಿಯೂ ಅದೇ. ಈ ಹೋಟೆಲುಗಳ ಹಿಂದುಗಡೆ ಎಲ್ಲೋ ಒಂದು ದೊಡ್ಡ ಹಂಡೆಯಿದೆ, ಅದರಲ್ಲಿ ಒಂದೇ ಒಂದು ಕೆಂಪು ಗ್ರೇವಿ ಸದಾ ಕುದಿಯುತ್ತಿರುತ್ತದೆ, ಮೆನುವಿನ ಅಷ್ಟೂ ಪುಟಗಳು ಆ ಹಂಡೆಯ ಸಹಸ್ರನಾಮ ಎಂಬುದು ನನ್ನ ಸಿದ್ಧಾಂತ. ಇದನ್ನು ಸುಳ್ಳು ಎಂದು ತೋರಿಸಿದವರು ಇನ್ನೂ ಸಿಕ್ಕಿಲ್ಲ.

ಆ ಮನುಷ್ಯರು ಪ್ರತಿ ತುತ್ತಿಗೂ ತೀರಿಹೋದ ಹೆಂಡತಿಯನ್ನು ನೆನೆದರು. ನೆನೆಯಲಿ, ತಪ್ಪಲ್ಲ, ನಾನೂ ನನ್ನವರನ್ನು ನೆನೆಯುತ್ತೇನೆ. ಆದರೆ ಇವರು ನೆನೆದದ್ದು ಆಕೆಯ ಅಡಿಗೆಯನ್ನು ಮಾತ್ರ. ಆಕೆಯ ಹೆಸರನ್ನು ಕೊನೆಗೂ ಹೇಳಲಿಲ್ಲ. ಆಕೆಯ ಬಸ್ಸಾರು, ಆಕೆಯ ಹೋಳಿಗೆ, ಆಕೆ ಹುರಿಯುತ್ತಿದ್ದ ಮೆಣಸಿನಕಾಯಿಯ ಘಾಟು.

"ನಿಮಗೆ ಬಸ್ಸಾರು ಹೆಂಗ್ ಬರ್ತೈತ್ರಿ?" ಎಂದು ಕೊನೆಗೆ ಕೇಳಿದರು.

"ನನಗೆ ಇಂಜೆಕ್ಷನ್ ಚೆನ್ನಾಗ್ ಬರ್ತೈತೆ" ಎಂದೆ.

ಆ ಸಂಬಂಧ ಅಲ್ಲಿಗೆ ನಿಂತಿತು.

ಎರಡನೆಯವರು ಹಿರಿಯೂರಿನವರು, ರಸ್ತೆ ಕಂಟ್ರಾಕ್ಟರು. ಹೆದ್ದಾರಿಯ ಪಕ್ಕದಲ್ಲಿ ಬಸ್ಸುಗಳೆಲ್ಲ ನಿಂತು ಹೋಗುವ ಒಂದು ದೊಡ್ಡ ಹೋಟೆಲಿಗೆ ಕರೆದಿದ್ದರು. ತಟ್ಟೆಯ ಸುತ್ತ ಬಟ್ಟಲುಗಳ ಕೋಟೆ. ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಬೇಳೆಯ ನೀರು, ಮತ್ತೊಂದರಲ್ಲಿ ಆ ನೀರಿಗೆ ಬಣ್ಣ. ಅವರು ಮೊದಲು ತಟ್ಟೆಯ ಫೋಟೊ ತೆಗೆದು ಯಾವುದೋ ಗುಂಪಿಗೆ ಕಳಿಸಿದರು, ಆಮೇಲೆ ಪೂರಿ ಆರಿದೆ ಎಂದು ಸಪ್ಲೈಯರನ್ನು ಕರೆದು ಇಡೀ ಹೋಟೆಲು ತಿರುಗಿ ನೋಡುವಂತೆ ಬೈದರು. ಫೋಟೊ ತೆಗೆಯುವಷ್ಟು ಹೊತ್ತು ಪೂರಿ ಕಾಯುತ್ತದೆಯೇ? ಸಪ್ಲೈಯರು ನನಗಿಂತ ಸ್ವಲ್ಪ ಚಿಕ್ಕವರಿರಬಹುದು, ತಲೆ ತಗ್ಗಿಸಿ ನಿಂತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಗಾದೆ ಕಟ್ಟಿದವರು ಎರಡನ್ನೂ ಅರಿಯದವನ ಎದುರಿಗೆ ಕೂತು ಉಂಡಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ನಾನು ಕಂಡುಕೊಂಡ ಒಂದು ಮಾತಿದೆ: ಡಾಕ್ಟರಿಗೆ ಕೈ ಮುಗಿದು ಆಯಾಳ ಮೇಲೆ ಹರಿಹಾಯುವ ರೋಗಿ ಮನೆಗೆ ಹೋದ ಮೇಲೆ ಹೆಂಡತಿಯ ಮೇಲೂ ಹರಿಹಾಯುತ್ತಾನೆ. ನಾನು ಎದ್ದು ಹೋಗಿ ಆ ಸಪ್ಲೈಯರಿಗೆ, "ಪೂರಿ ಚೆನ್ನಾಗೇ ಐತಪ್ಪ, ತಲೆ ಕೆಡಿಸ್ಕಬೇಡ" ಎಂದು ಹೇಳಿ, ಹಾಗೆಯೇ ಬಸ್ಸು ಹತ್ತಿದೆ. ಪೂರಿ ಚೆನ್ನಾಗಿರಲಿಲ್ಲ. ಅದು ಬೇರೆ ವಿಷಯ.

ಹೊಳಲ್ಕೆರೆಯವರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಬಂದವರು ಒಬ್ಬರೇ ಅಲ್ಲ. ಅಣ್ಣ, ಅತ್ತಿಗೆ, ಅತ್ತಿಗೆಯ ತಾಯಿ ಎಲ್ಲರೂ ಪಕ್ಕದ ಟೇಬಲ್ಲಿನಲ್ಲಿ ಬೆನ್ನು ತಿರುಗಿಸಿ ಕುಳಿತು, ನಮಗೂ ಅವರಿಗೂ ಸಂಬಂಧವೇ ಇಲ್ಲ ಎನ್ನುವಂತೆ ಗೋಬಿ ಮಂಚೂರಿ ತಿನ್ನುತ್ತಿದ್ದರು. ನಾನು ಏನಾದರೂ ಕೇಳಿದರೆ ಅಗಿಯುವ ಸದ್ದು ನಿಲ್ಲುತ್ತಿತ್ತು. ನಮ್ಮಿಬ್ಬರನ್ನು ಪರದೆ ಎಳೆದ ಒಂದು ಗೂಡಿನಲ್ಲಿ ಕೂರಿಸಿದ್ದರು. ಕಾಲೇಜು ಹುಡುಗ ಹುಡುಗಿಯರಿಗಾಗಿ ಮಾಡಿದ ಆ ಗೂಡಿನೊಳಗೆ ಬರುವ ಮುಂಚೆ ಸಪ್ಲೈಯರು ಪ್ರತಿಸಲವೂ ಜೋರಾಗಿ ಕೆಮ್ಮುತ್ತಿದ್ದ. ಒಳಗೆ ಅವನು ನೋಡಬಾರದ್ದು ಏನೂ ನಡೆದಿರಲಿಲ್ಲ. ಆ ಮಹನೀಯರು ತಮ್ಮ ಮಂಡಿನೋವಿನ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನನಗೆ ತೋರಿಸುತ್ತಿದ್ದರು. ನೋಡಿದೆ. ಮಂಡಿ ಸವೆದಿತ್ತು. ಹೇಳಿದೆ. ಪಕ್ಕದ ಟೇಬಲ್ಲಿನಲ್ಲಿ ಅತ್ತಿಗೆಯ ತಾಯಿ, "ನಾನ್ ಹೇಳಿರ್ಲಿಲ್ವಾ?" ಎಂದರು. ಫ್ರೈಡ್ ರೈಸು ಬರುವ ತನಕವೂ ನನಗೆ ತಾಳ್ಮೆ ಉಳಿಯಲಿಲ್ಲ.

ಈ ಮೂರು ಊಟಗಳಿಂದ ನಾನು ಕಲಿತದ್ದು ಒಂದೇ: ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೊರಡುವುದು. ಹಸಿದ ಹೆಂಗಸು ಕೆಟ್ಟ ಊಟವನ್ನೂ ಕೆಟ್ಟ ಗಂಡಸನ್ನೂ ಒಟ್ಟಿಗೆ ಕ್ಷಮಿಸಿಬಿಡುವ ಅಪಾಯವಿದೆ. ನಮ್ಮಪ್ಪನ ಬುತ್ತಿಯ ಹಿಂದಿನ ವಿವೇಕ ನನಗೆ ಆಗ ಅರ್ಥವಾಯಿತು.

ಹೊಸದುರ್ಗಕ್ಕೆ ಹೋದದ್ದು ಹಾಗೆಯೇ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೆ ಮಜ್ಜಿಗೆ, ಎಲ್ಲವನ್ನೂ ಮುಗಿಸಿ ಬಸ್ಸು ಹತ್ತಿದೆ. ಈ ಸಂಬಂಧ ಆ್ಯಪ್‌ನಿಂದ ಬಂದದ್ದಲ್ಲ. ಅಲ್ಲಿರುವ ವಿಶಾಲಳ ಗೆಳತಿ ಸರೋಜಮ್ಮ ತೋರಿಸಿದ್ದು. ಹೆಸರು ತಿಪ್ಪೇಸ್ವಾಮಿ, ಕೊಬ್ಬರಿ ವ್ಯಾಪಾರ, ಹೆಂಡತಿ ತೀರಿಕೊಂಡವರು, ಒಬ್ಬಳೇ ಮಗಳು ಮದುವೆಯಾಗಿ ಬಾಗೂರಿನಲ್ಲಿದ್ದಾಳೆ.

ನಾನು ಹೇಳಿದ ಸಮಯಕ್ಕೆ ಮುಂಚೆಯೇ ಹೋಗುವವಳು. ಹೋಗಿ ನೋಡಿದರೆ ಆ ಮನುಷ್ಯರು ಆಗಲೇ ಬಂದು, ಟೇಬಲ್ಲಿನ ಮೇಲಿನ ಸಾಂಬಾರಿನ ಕಲೆಯನ್ನು ತಮ್ಮ ಕರವಸ್ತ್ರದಿಂದ ಒರೆಸುತ್ತಿದ್ದರು. ನನ್ನನ್ನು ಕಂಡು ಕರವಸ್ತ್ರವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

"ಬರ್ರಿ ಮೇಡಂ, ಕುಂತ್ಕಳ್ರಿ. ಈ ಕಡೆ ಕುಂತ್ಕಳ್ರಿ, ಆ ಕುರ್ಚಿ ಕಾಲು ಅಲ್ಲಾಡ್ತೈತೆ."

ಕುಳಿತೆ. ಉಗುರು ನೋಡಿದೆ. ಕತ್ತರಿಸಿದ್ದರು.

ಮಾತು ಹೇಗೋ ಶುರುವಾಯಿತು. ಅವರು ನನ್ನ ಅಡಿಗೆಯನ್ನು ವಿಚಾರಿಸಲಿಲ್ಲ, ಎಕ್ಸ್‌ರೇ ತೆಗೆಯಲಿಲ್ಲ. "ಮೇಡಂ, ಆಸ್ಪತ್ರೇಲಿ ನೀವು ಜಾಸ್ತಿ ಬೈದಿದ್ದು ಯಾರನ್ರಿ? ರೋಗಿಗಳನ್ನೋ, ಡಾಕ್ಟ್ರನ್ನೋ?" ಎಂದು ಕೇಳಿದರು.

"ರೋಗಿ ನೋಡೋಕೆ ಬರೋ ನೆಂಟ್ರನ್ನ."

ತಲೆ ಹಿಂದಕ್ಕೆ ಹಾಕಿ ನಕ್ಕರು. ತಮ್ಮ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಬಾಳೆಹಣ್ಣು ಹಿಡಿದು ಬಂದ ನೆಂಟರು ಮಂಚದ ಮೇಲೆಯೇ ಕುಳಿತು ಅದನ್ನು ತಾವೇ ತಿಂದು ಹೋದ ಕಥೆ ಹೇಳಿದರು. ಆಕೆಯ ಹೆಸರು ಗಿರಿಜ ಎಂದೂ ಹೇಳಿದರು. ನಾನು ನನ್ನವರ ಬಗ್ಗೆ ಹೇಳಿದೆ. ಅಷ್ಟು ಹೊತ್ತು ನಾನು ಯಾರ ಜೊತೆಗಾದರೂ ಸುಮ್ಮನೆ ಮಾತಾಡಿ ಬಹಳ ದಿನವಾಗಿತ್ತು.

ಅಷ್ಟರಲ್ಲಿ ಊಟ ಬಂತು. ವೆಜ್ ಬಿರಿಯಾನಿ ಎಂದು ಕರೆಯಲಾಗುವ, ಹಳದಿ ಮತ್ತು ಕೇಸರಿ ಬಣ್ಣಗಳು ಒಂದನ್ನೊಂದು ಮುಟ್ಟದೆ ಬೇರೆ ಬೇರೆ ಕುಳಿತ ಅನ್ನ. ಅದರ ಪಕ್ಕದಲ್ಲಿ ಅದೇ ಹಂಡೆಯ ಅದೇ ಗ್ರೇವಿ. ಕೈ ಹಿಂಭಾಗ ತಾಗಿಸಿ ನೋಡಿದೆ, ತಟ್ಟೆ ತಣ್ಣಗಿತ್ತು. ನನ್ನ ಹೊಟ್ಟೆಯಲ್ಲಿ ಅಕ್ಕಿರೊಟ್ಟಿ ಭದ್ರವಾಗಿ ಕುಳಿತಿತ್ತು.

"ತಗಳ್ರಿ ಮೇಡಂ" ಎಂದರು.

"ನೀವು ತಗಳ್ರಿ."

"ನೀವು ಮೊದ್ಲು."

ನಾನು ಚಮಚದಿಂದ ಹಳದಿಯನ್ನು ಕೇಸರಿಯ ಕಡೆಗೆ ತಳ್ಳಿದೆ. ಅವರು ಕೇಸರಿಯನ್ನು ಹಳದಿಯ ಕಡೆಗೆ ತಳ್ಳಿದರು. ಒಂದು ಅಗುಳೂ ಬಾಯಿಗೆ ಹೋಗಲಿಲ್ಲ. ಅಲ್ಲಿಯವರೆಗೆ ಹರಿಯುತ್ತಿದ್ದ ಮಾತು ನಿಧಾನವಾಗಿ ನಿಂತಿತು. ಅವರ ತಟ್ಟೆಯನ್ನು ನೋಡಿ ನನಗೆ ವಿಷಯ ತಿಳಿಯಿತು. ಅನ್ನ ಮುಟ್ಟುತ್ತಿಲ್ಲ. ಬಾಯಿ ತೆರೆದು ಹೇಳದೆ, ಮರ್ಯಾದಸ್ಥರು ಹೇಳುವ ಹಾಗೆ ಹೇಳುತ್ತಿದ್ದಾರೆ. ಒಳ್ಳೆಯವರು ಎಂದುಕೊಂಡೆ, ಮನಸ್ಸಿಗೆ ನೋವಾಗದಂತೆ ಬೇಡವೆನ್ನುವುದು ಎಲ್ಲರಿಗೂ ಬರುವುದಿಲ್ಲ. ನೋವು ಮಾತ್ರ ಆಯಿತು.

ಬಸ್‌ ಸ್ಟ್ಯಾಂಡಿನವರೆಗೂ ಬಂದು ಬಿಟ್ಟರು. "ಆತು ಮೇಡಂ, ಬಿಸ್ಲಲ್ಲಿ ಕರ್ಸಿ ನಿಮಗೆ ತೊಂದ್ರೆ ಕೊಟ್ಟಂಗಾತು" ಎಂದು ಕೈ ಮುಗಿದರು. ನಾನೂ ಮುಗಿದೆ. ಬಸ್ಸು ತೆಂಗಿನ ತೋಟಗಳನ್ನು ದಾಟಿ ಬಯಲಿಗೆ ಬರುವ ಹೊತ್ತಿಗೆ ಆ ಬಿರಿಯಾನಿಯ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.

"ಹೆಂಗಿದ್ರಕ್ಕ?" ಎಂದು ಬಾಗಿಲಲ್ಲೇ ನಿಂತಿದ್ದ ವಿಶಾಲ ಕೇಳಿದಳು.

"ಬಿರಿಯಾನಿ ತಣ್ಣಗಿತ್ತು."

"ನಾನು ಬಿರಿಯಾನಿ ಕೇಳ್ಲಿಲ್ಲ."

"ಬಿರಿಯಾನಿಗೆ ಯಾವ ದೊಡ್ಡ ಮನುಷ್ಯ ಕೇಸರಿ ಬಣ್ಣ ಹಾಕೋಕೆ ಹೇಳ್ದ ಅಂತ ನಾನು ಕೇಳ್ತಿದೀನಿ. ಆ ಬಣ್ಣ ಗೋಡೆಗೆ ಹೊಡಿಯೋದು."

ಅವಳು ಮುಂದೆ ಕೇಳಲಿಲ್ಲ. ಅಕ್ಕ ಬಣ್ಣದ ವಿಷಯಕ್ಕೆ ಹೋದಳೆಂದರೆ ವಿಷಯ ಬೇರೆಯಿದೆ ಎಂದು ಅವಳಿಗೆ ಗೊತ್ತು. ನಾನು ಆ್ಯಪ್ ತೆಗೆಸಿಹಾಕಿದೆ. ಇನ್ನು ಯಾರೊಂದಿಗೂ ಮಾತಾಡಿ ಬರುವುದಿಲ್ಲ ಎಂದೆ. ರಾತ್ರಿ ಸಾರಿಗೆ ಹುಳಿ ಹೆಚ್ಚಾದರೆ ಗೋಡೆಗೇ ಹೇಳುವುದೆಂದು ತೀರ್ಮಾನಿಸಿದೆ. ತೀರ್ಮಾನ ಮಾಡುವುದು ನನಗೆ ಸುಲಭ. ಕೆಲಸದಲ್ಲಿದ್ದಷ್ಟು ಕಾಲವೂ ಮಾಡಿದ್ದು ಅದನ್ನೇ.

ಕೆಲವು ದಿನ ಕಳೆದ ಮೇಲೆ ವಿಶಾಲ ಸೊಪ್ಪು ಬಿಡಿಸುತ್ತಾ ನಮ್ಮ ಮನೆಯಲ್ಲಿ ಕುಳಿತಿದ್ದಾಗ ಸರೋಜಮ್ಮನ ಫೋನು ಬಂತು. ಕೈ ಒದ್ದೆಯಿತ್ತೆಂದು ಸ್ಪೀಕರ್‌ಗೆ ಹಾಕಿದಳು.

"ಏನ್ ವಿಶಾಲಮ್ಮ, ನಿಮ್ಮಕ್ಕಂಗೆ ನಮ್ ತಿಪ್ಪೇಸ್ವಾಮಣ್ಣ ಒಪ್ಪಿಗೆ ಆಗ್ಲಿಲ್ವಂತಲ್ಲ?"

"ಯಾರು ಹೇಳಿದ್ದು?"

"ಅವ್ರೇ ಹೇಳಿದ್ರು. 'ಮೇಡಂ ಭಾಳ ಒಳ್ಳೇರು ಸರೋಜಮ್ಮ, ಆದ್ರೆ ಅನ್ನ ಮುಟ್ಲಿಲ್ಲ. ನಾನು ಅರ್ಥ ಮಾಡ್ಕಂಡೆ' ಅಂದ್ರು. ಮನುಷ್ಯ ಆವತ್ತಿಂದ ಕೊಬ್ಬರಿ ಮಂಡಿ ಕಡೆ ಸರಿಯಾಗ್ ಹೋಗಿಲ್ಲ."

ನಾನು ಒಳಗಿನಿಂದ ಬಂದು ಫೋನಿನ ಹತ್ತಿರ ನಿಂತೆ. "ಅವ್ರೂ ಮುಟ್ಲಿಲ್ಲವಲ್ಲ!" ಎಂದೆ.

"ಅಯ್ಯೋ, ಅವ್ರೆಲ್ಲಿ ಮುಟ್ತಾರೆ? ಸಂಬಂಧದ ಮಾತಿಗೆ ಹಸ್ಕಂಡು ಹೋಗಬಾರ್ದು ಅಂತ ಅವ್ರವ್ವ ಹೇಳಿದ್ರಂತೆ. ಮನೇಲಿ ಮುದ್ದೆ ಉಂಡೇ ಬಂದಿದ್ರು."

ವಿಶಾಲ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಅಕ್ಕ, ನೀನು?"

"ರೊಟ್ಟಿ."

ಅವಳು ನಕ್ಕ ನಗೆಯನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. "ಇಬ್ರೂ ಹೊಟ್ಟೆ ತುಂಬುಸ್ಕಂಡು ಹೋಗಿ, ಎದುರಾಬದುರಾ ಕುಂತು, ಅನ್ನ ಮುಟ್ಲಿಲ್ಲ ಅಂತ ಇಬ್ರೂ ಮುನಿಸ್ಕಂಡು ಬಂದ್ರಾ? ನಿಮ್ಮಿಬ್ರನ್ನ ಒಂದೇ ತೊಟ್ಲಲ್ಲಿ ಹಾಕಿ ತೂಗಬೇಕು!"

ಹಿರಿಯರ ನಿಯಮಗಳ ತೊಂದರೆ ಇದೇ. ಒಬ್ಬರು ಪಾಲಿಸಿದರೆ ಮರ್ಯಾದೆ ಉಳಿಯುತ್ತದೆ. ಇಬ್ಬರೂ ಪಾಲಿಸಿದರೆ ಮದುವೆ ನಿಲ್ಲುತ್ತದೆ. ಬುತ್ತಿ ಕಟ್ಟಿಕೊಂಡು ಹೋದ ನಮ್ಮಪ್ಪನ ಎದುರಿಗೆ ಒತ್ತಾಯ ಮಾಡಲು ಹೆಣ್ಣಿನ ಮನೆಯವರಾದರೂ ಇದ್ದರು. ಹೋಟೆಲಿನಲ್ಲಿ ಒತ್ತಾಯ ಮಾಡುವವರು ಯಾರು? ಸಪ್ಲೈಯರು ತಟ್ಟೆ ನೋಡಿ, 'ಪಾರ್ಸಲ್ ಮಾಡ್ಲಾ?' ಎಂದಷ್ಟೇ ಕೇಳುತ್ತಾನೆ.

ನಾನೇ ಫೋನು ಮಾಡಿದೆ. ಹೆಣ್ಣಿನ ಕಡೆಯವರು ಮೊದಲು ಮಾಡಬಾರದು ಎಂದೂ ಒಂದು ನಿಯಮವಿದೆ. ಅದನ್ನು ಅಂದೇ ರದ್ದು ಮಾಡಿದೆ.

"ನಾನು ಆವತ್ತು ಮನೇಲಿ ಉಂಡು ಬಂದಿದ್ದೆ" ಎಂದೆ, ನಮಸ್ಕಾರವನ್ನೂ ಹೇಳದೆ.

"ನಾನೂನ್ರಿ" ಎಂದರು ಆ ಕಡೆಯಿಂದ.

"ಹೇಳೋಕೇನಾಗಿತ್ತು?"

"ನೀವು ಹೇಳೋಕೇನಾಗಿತ್ತ್ರಿ?"

ಆಮೇಲೆ ಅವರೇ, "ಈ ಸಲ ಬ್ಯಾರೆ ಕಡೆ ಹೋಗಾಣ್ರಿ, ಒಳ್ಳೆ ಹೋಟ್ಲಿಗೆ" ಎಂದರು. ನಾನು ಒಪ್ಪಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸವನ್ನು ಬಿಟ್ಟ ಕಡೆಯಿಂದಲೇ ಮುಗಿಸಬೇಕು. "ಅದೇ ಹೋಟ್ಲು. ಬೆಳಿಗ್ಗೆಯಿಂದ ಏನೂ ತಿನ್ನದೆ ಬನ್ನಿ" ಎಂದೆ, ಆಪರೇಷನ್‌ಗೆ ಮುಂಚೆ ರೋಗಿಗೆ ಹೇಳುವ ದನಿಯಲ್ಲಿ.

ಹಸಿವು ಎಷ್ಟಿತ್ತೆಂದರೆ ಹೊಸದುರ್ಗ ತಲುಪುವ ಹೊತ್ತಿಗೆ ಪಕ್ಕದ ಸೀಟಿನವರ ಕಡಲೆಕಾಯಿಯ ಮೇಲೆ ನನ್ನ ಕಣ್ಣು ಬಿದ್ದಿತ್ತು. ಅವರೂ ಹಾಗೆಯೇ ಬಂದಿದ್ದರು, ಮುಖ ಬಾಡಿತ್ತು. ಮೆನು ನೋಡುವ ಶಕ್ತಿಯಿಲ್ಲದೆ ಊಟ ಹೇಳಿದೆವು.

ಈಗ ಆ ಊಟದ ಬಗ್ಗೆ ಹೇಳಲೇಬೇಕು. ಅನ್ನ ಅರ್ಧ ಬೆಂದು ಅರ್ಧ ಹಟ ಮಾಡಿತ್ತು. ಸಾಂಬಾರಿನಲ್ಲಿ ನುಗ್ಗೆಕಾಯಿಯ ನಾರು ಮಾತ್ರ ಉಳಿದು, ಕಾಯಿ ಬೇರೆ ಯಾರದೋ ತಟ್ಟೆ ಸೇರಿತ್ತು. ಬೀನ್ಸ್ ಪಲ್ಯಕ್ಕೆ ಸೋಡ ಹಾಕಿ ಹಸಿರು ಉಳಿಸಿ ಜೀವ ತೆಗೆದಿದ್ದರು. ಹಪ್ಪಳ ಮಡಿಸಿದರೆ ಮಡಿಯುತ್ತಿತ್ತು, ಮುರಿಯುತ್ತಿರಲಿಲ್ಲ. ಇಂಥ ಊಟ ನನ್ನ ವಾರ್ಡಿಗೆ ಬಂದಿದ್ದರೆ ಟ್ರಾಲಿಯ ಸಮೇತ ವಾಪಸ್ಸು ಕಳಿಸುತ್ತಿದ್ದೆ.

"ಬೇಳೆ ಬೆಂದಿಲ್ಲ" ಎಂದೆ, ಮೊದಲ ತುತ್ತು ನುಂಗಿ.

"ಬೆಂದಿಲ್ಲ. ಹುಳೀನೂ ಹಳೇದೈತೆ" ಎಂದರು ಅವರು, ಎರಡನೆಯ ತುತ್ತು ಕಲಸುತ್ತಾ.

"ಪಲ್ಯಕ್ಕೆ ಹಾಕಿರೋ ಕಾಯಿ?"

"ಅದು ಕಾಯಲ್ಲ ಮೇಡಂ. ಕೊಬ್ಬರಿ ಪುಡಿ. ಮುಗ್ಗಲು. ಇಂಥದ್ದನ್ನ ನಾನು ಮಂಡಿ ಒಳಗೇ ಬಿಟ್ಕಳಲ್ಲ."

"ಮೊಸರು?"

"ಸುಮ್ನೆ ಉಣ್ರಿ, ಅದರ ವಿಷಯ ಎತ್ತಬೇಡ್ರಿ."

ಹೀಗೆ ಒಂದೊಂದಕ್ಕೂ ಹೆಸರಿಡುತ್ತಾ, ಒಂದೊಂದನ್ನೂ ಉಂಡೆವು. ನಾನು ಬಿಟ್ಟದ್ದನ್ನು ಅವರು ಹಿಡಿಯುತ್ತಿದ್ದರು, ಅವರು ಮರೆತದ್ದನ್ನು ನಾನು ನೆನಪಿಸುತ್ತಿದ್ದೆ. ಇಷ್ಟು ರುಚಿಯಾಗಿ ಊಟ ಮಾಡಿ ಎಷ್ಟು ಕಾಲವಾಗಿತ್ತೋ ನನಗೆ ನೆನಪಾಗಲಿಲ್ಲ. ರುಚಿ ತಟ್ಟೆಯಲ್ಲಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಂಬಾರಿನ ಬಕೆಟ್ಟು ಹಿಡಿದ ಸಪ್ಲೈಯರು ಹತ್ತಿರ ಬಂದ. ನಮ್ಮ ಪಂಕ್ತಿಗಳಲ್ಲಿ ಮೊದಲು ಬಡಿಸಿದ್ದನ್ನು ಮರ್ಯಾದೆಗಾಗಿ ಉಣ್ಣುತ್ತಾರೆ. ಎರಡನೆಯ ಸಲ ಹಾಕಿಸಿಕೊಂಡರೆ ಮಾತ್ರ ಮನಸ್ಸಿದೆ ಎಂದು ಲೆಕ್ಕ. ತಿಪ್ಪೇಸ್ವಾಮಿಯವರು ಬಕೆಟ್ಟನ್ನು ನೋಡಿದರು. ನನ್ನನ್ನು ನೋಡಿದರು. "ಇನ್ನೊಂದ್ ಸ್ವಲ್ಪ ಹಾಕಪ್ಪ" ಎಂದರು.

ಬೇಯದ ಬೇಳೆಯ, ಹಳೆಯ ಹುಳಿಯ ಆ ನೀರು ಅವರ ಅನ್ನದ ಮೇಲೆ ಹರಿಯಿತು. ಸಪ್ಲೈಯರಿಗೇ ಆಶ್ಚರ್ಯವಾಗಿರಬೇಕು, ಬಕೆಟ್ಟು ಹಿಡಿದು ಒಂದು ಗಳಿಗೆ ಹಾಗೆಯೇ ನಿಂತ. ನಾನು ಎಲ್ಲಿಯೂ, ಯಾರ ಮದುವೆಯಲ್ಲಿಯೂ ಎರಡನೆಯ ಸಲ ಹಾಕಿಸಿಕೊಂಡವಳಲ್ಲ. ಅಳತೆ ಮೀರಬಾರದು ಎಂಬುದು ನನ್ನ ಶಿಸ್ತು. "ನನಗೂ" ಎಂದು ತಟ್ಟೆ ಮುಂದೆ ತಳ್ಳಿದೆ.

ಮರುದಿನ ಬೆಳಿಗ್ಗೆ ಅವರ ಫೋನು ಬರುವ ಹೊತ್ತಿಗೆ ನಾನು ಹಲವು ಸಲ ಬಚ್ಚಲ ಕಡೆ ಓಡಿ ಬಂದಾಗಿತ್ತು.

"ಮೇಡಂ, ಹೊಟ್ಟೆ..." ಎಂದು ಅವರು ಶುರುಮಾಡಿದರು.

"ನನಗೂ. ಮೊಸರು."

"ನಾನು ಆವಾಗ್ಲೇ ಅಂದ್ಕಂಡೆ."

"ಅಂದ್ಕಂಡ್ರೆ ಆಗಲ್ಲ, ಹೇಳ್ಬೇಕು. ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕ್ಕಂಡು ಗುಟುಕು ಗುಟುಕಾಗಿ ಕುಡೀತಾ ಇರಿ. ಮಧ್ಯಾಹ್ನ ಅನ್ನದ ಗಂಜಿ. ಬೇರೇನೂ ಇಲ್ಲ."

ಮಧ್ಯಾಹ್ನ ಅವರೇ ಮತ್ತೆ ಮಾಡಿದರು. ಗಂಜಿ ಮಾಡಿಕೊಂಡಿದ್ದರಂತೆ. ನಾನೂ ಬಡಿಸಿಕೊಂಡು ಕುಳಿತಿದ್ದೆ. ಫೋನನ್ನು ತಟ್ಟೆಯ ಪಕ್ಕದಲ್ಲಿ, ಲೋಟಕ್ಕೆ ಒರಗಿಸಿ ಇಟ್ಟುಕೊಂಡೆ. ಆ ಕಡೆಯಿಂದ ಚಮಚ ಬಟ್ಟಲಿಗೆ ತಗಲುವ ಸದ್ದು ಕೇಳಿಸಿತು, ಆಮೇಲೆ ನಿಂತಿತು.

"ಯಾಕೆ, ಏನಾಯ್ತು?"

"ತಳ ಹಿಡ್ದೈತ್ರಿ. ಸೀದ ವಾಸ್ನೆ."

"ನೀರು ಕಮ್ಮಿ ಹಾಕಿರ್ತೀರ. ಉರಿ ಜಾಸ್ತಿ ಇಟ್ಟಿರ್ತೀರ. ಒಲೆ ಮೇಲಿಟ್ಟು ಬೀದಿ ಕಡೆ ಹೋಗಿರ್ತೀರ."

"ಮೂರೂ ನಿಜ."

"ಬರೋ ವಾರ ಬಂದು ಪಕ್ಕದಲ್ಲಿ ನಿಂತ್ಕಂಡು ಹೇಳ್ತೀನಿ. ನೀವು ಮಾಡ್ರಿ."

"ಆತು, ಬರ್ರಿ. ಆದ್ರೆ ಬೈಬಾರ್ದು ಮತ್ತೆ."

"ಬೈತೀನಿ."

ಅವರು ಯೋಚಿಸಿದರು. ಫೋನಿನಲ್ಲಿ ಮನುಷ್ಯರು ಯೋಚಿಸುವುದು ಕೇಳಿಸುತ್ತದೆ.

"ಹಂಗಾದ್ರೆ ಬೆಳಿಗ್ಗೆ ಬಸ್ಸಿಗೇ ಬಂದ್ಬಿಡ್ರಿ" ಎಂದರು.

ಬರುತ್ತೇನೆ ಎಂದೆ. ಅದಕ್ಕೆ ಮೊದಲು ಆ ಪಾತ್ರೆಯನ್ನು ನೆನೆಹಾಕಿ ಚೆನ್ನಾಗಿ ಉಜ್ಜಿಡಬೇಕೆಂದೂ ಹೇಳಿದೆ. ಸೀದ ಪಾತ್ರೆಯಲ್ಲಿ ಸಂಸಾರ ಶುರುಮಾಡುವ ವಯಸ್ಸು ನನ್ನದಲ್ಲ.